ಹಳೆಯ ಸಂಚಿಕೆಗಳ ಕೆಲಸಕ್ಕೆ ನಾನು ಗಣಕ ಆರಿಸಿಕೊಂಡ ಬಗೆ

2024ರ ಜನವರಿಯಲ್ಲಿ, ನಮ್ಮ ಜಿಲ್ಲೆಯ ಮಾಸಪತ್ರಿಕೆಯೊಂದರ ಹಳೆಯ ಸಂಚಿಕೆಗಳನ್ನೆಲ್ಲ ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಕೇತಸಂಖ್ಯೆ ಕೊಡುವ ಪದ್ಧತಿ) ಪಠ್ಯವಾಗಿಸಿ, ಯಾರು ಬೇಕಾದರೂ ಪದ ಕೊಟ್ಟು ಹುಡುಕಿ ಓದುವಂತೆ ಜಾಲತಾಣ ಮಾಡಿಕೊಡುವ ಕೆಲಸ ನನಗೆ ಬಂತು. 1986ರಿಂದ 2002ರವರೆಗಿನ ಸಂಚಿಕೆಗಳು ಕಾಗದದಲ್ಲಷ್ಟೇ ಉಳಿದಿದ್ದವು. ಅವನ್ನು ಸ್ಕ್ಯಾನ್ ಮಾಡಿ, ಅಚ್ಚಾದ ಅಕ್ಷರಗಳನ್ನು ಗುರುತಿಸುವ ಟೆಸೆರಾಕ್ಟ್ ತಂತ್ರಾಂಶದ ಮೂಲಕ ಪಠ್ಯವಾಗಿಸಬೇಕಿತ್ತು. 2003ರಿಂದ 2012ರವರೆಗಿನವು ಪೇಜ್‌ಮೇಕರ್ ಎಂಬ ಪುಟ ವಿನ್ಯಾಸದ ತಂತ್ರಾಂಶದಲ್ಲಿ ನುಡಿ ಫಾಂಟ್ ಬಳಸಿ ಕಟ್ಟಿದ ಪುಟಗಳು. ಸಾಗರದ ಮನೆಯಲ್ಲೇ ಕುಳಿತು ಪೈಥಾನ್‌ನಲ್ಲಿ ಪ್ರೋಗ್ರಾಮ್ ಬರೆದು, ಪೋಸ್ಟ್‌ಗ್ರೆಸ್ ದತ್ತಸಂಚಯದಲ್ಲಿ ಲೇಖನಗಳನ್ನು ತುಂಬಿ, ಬಾಡಿಗೆಗೆ ಪಡೆದ ಸರ್ವರ್ ಒಂದಕ್ಕೆ ಅವನ್ನು ಏರಿಸುವುದು ನನ್ನ ಯೋಜನೆಯಾಗಿತ್ತು. ಆಗ ನನ್ನ ಬಳಿ ಇದ್ದದ್ದು 2015ರಲ್ಲಿ ಕೊಂಡ ಲ್ಯಾಪ್‌ಟಾಪ್. ಅದರಲ್ಲಿ ಇಂಟೆಲ್‌ನ ಐದನೆಯ ಪೀಳಿಗೆಯ ಪ್ರೊಸೆಸರ್, 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್ ಮತ್ತು ವಿಂಡೋಸ್ 10 ಇದ್ದವು.

ಹೊಸ ಗಣಕ ಬೇಕೆಂಬುದು ಮೊದಲ ವಾರದಲ್ಲೇ ಖಚಿತವಾಯಿತು. ಯಾವುದು ಎಂದು ಕೇಳಿದಾಗ ಪ್ರತಿಯೊಬ್ಬರೂ ತಾವು ಬಳಸುತ್ತಿರುವುದನ್ನೇ ಹೇಳಿದರು. ಅವರ ಸಲಹೆಗಳನ್ನು ಗೌರವದಿಂದಲೇ ಬರೆದಿಟ್ಟುಕೊಂಡೆ, ಆದರೆ ಅವು ಅವರವರ ಕೆಲಸಕ್ಕೆ ಹೊಂದುವ ಉತ್ತರಗಳೆಂದು ನನಗೆ ತೋರಿತು. ಹೀಗಾಗಿ ಎರಡು ವಾರ ಹಳೆಯ ಲ್ಯಾಪ್‌ಟಾಪ್‌ನಲ್ಲೇ ಕೆಲಸ ಮುಂದುವರಿಸಿ, ಎಲ್ಲೆಲ್ಲಿ ಕೆಲಸ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋದೆ. ಗಣಕ ಕೊಳ್ಳುವ ಯಾರಿಗಾದರೂ ನಾನು ಹೇಳಬಹುದಾದ ಮಾತು ಇದೊಂದೇ: ಅಂಗಡಿಗೆ ಹೋಗುವ ಮೊದಲು ಇಂಥ ಪಟ್ಟಿಯೊಂದು ನಿಮ್ಮ ಕೈಯಲ್ಲಿರಲಿ.

ನೋಟ್‌ಬುಕ್ಕಿನಲ್ಲಿ ಮೊದಲು ಕಂಡದ್ದು ರ‍್ಯಾಮ್‌ನ ಕೊರತೆ. ಬ್ರೌಸರ್‌ನಲ್ಲಿ ಆರೇಳು ಪುಟ, ಪಕ್ಕದಲ್ಲಿ ಕೋಡ್ ಬರೆಯುವ ಎಡಿಟರ್, ಹಿನ್ನೆಲೆಯಲ್ಲಿ ದತ್ತಸಂಚಯ, ಜೊತೆಗೆ ಸ್ಕ್ಯಾನ್ ಮಾಡಿದ ಪುಟದ ಚಿತ್ರ, ಇಷ್ಟು ತೆರೆದರೆ 4 ಜಿಬಿ ತುಂಬಿ, ಗಣಕ ಉಳಿದದ್ದನ್ನು ಹಾರ್ಡ್ ಡಿಸ್ಕ್‌ಗೆ ಸಾಗಿಸತೊಡಗುತ್ತಿತ್ತು. ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋಗಲು ಅರ್ಧ ನಿಮಿಷ ಕಾಯಬೇಕಾಗುತ್ತಿತ್ತು. ಎರಡನೆಯದು ಪುಟ ಓದಿಸುವ ಕೆಲಸ. ಎರಡು ಅಂಕಣದ ಒಂದು ಪುಟಕ್ಕೆ ಟೆಸೆರಾಕ್ಟ್ ಸುಮಾರು 40 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಸಂಚಿಕೆಗೆ 40 ಪುಟದಂತೆ 17 ವರ್ಷಗಳಿಗೆ 8,160 ಪುಟ. ಲೆಕ್ಕ ಹಾಕಿದರೆ ಬಿಡುವಿಲ್ಲದೆ 90 ಗಂಟೆ. ಅದೂ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಪುಟದ ಅಂಚು ಕತ್ತರಿಸುವ ರೀತಿಯನ್ನೋ ಕಪ್ಪು-ಬಿಳುಪಿನ ಮಟ್ಟವನ್ನೋ ಬದಲಿಸಿದಾಗೆಲ್ಲ ಮತ್ತೆ ಓದಿಸಬೇಕು.

ಇವೆರಡೂ ದುಡ್ಡು ಕೊಟ್ಟರೆ ಪರಿಹಾರವಾಗುವ ತೊಂದರೆಗಳು. ನನ್ನ ನೋಟ್‌ಬುಕ್ಕಿನ ಬಹುಪಾಲು ಪುಟಗಳನ್ನು ತುಂಬಿದ್ದು ಮೂರನೆಯ ಬಗೆಯ ತೊಂದರೆ, ಅಂದರೆ ಮನೆಯ ಗಣಕದಲ್ಲಿ ಸರಿಯಾಗಿ ನಡೆದ ಪ್ರೋಗ್ರಾಮ್ ಸರ್ವರ್‌ನಲ್ಲಿ ಮುರಿದು ಬೀಳುವುದು. ಸರ್ವರ್‌ನಲ್ಲಿ ಇದ್ದದ್ದು ಡೆಬಿಯನ್ 12, ಅಂದರೆ ವಿಂಡೋಸ್‌ನಂತೆಯೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್‌ನ ಒಂದು ರೂಪ. ಅದರ ಮತ್ತು ನನ್ನ ವಿಂಡೋಸ್‌ನ ನಡುವಿನ ಸಣ್ಣ ಸಣ್ಣ ವ್ಯತ್ಯಾಸಗಳು, ಕನ್ನಡ ಪಠ್ಯದ ಕೆಲಸದಲ್ಲಿ ದೊಡ್ಡವಾಗಿ ಕಾಣಿಸಿಕೊಳ್ಳುತ್ತವೆಂಬುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ನುಡಿಯ ಹಳೆಯ ಪಠ್ಯವನ್ನೇ ತೆಗೆದುಕೊಳ್ಳಿ. ಆ ಕಡತಗಳ ಒಳಗೆ ಕನ್ನಡ ಅಕ್ಷರಗಳೇ ಇರುವುದಿಲ್ಲ. ರೋಮನ್ ಅಕ್ಷರಗಳ, ಹಾಗೂ ಪೌಂಡ್ ಚಿಹ್ನೆಯಂಥ ಗುರುತುಗಳ ಸ್ಥಾನದಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಿ ಮಾಡಿದ ಫಾಂಟ್ ಅದು. ಫಾಂಟ್ ತೆಗೆದುಬಿಟ್ಟರೆ ‘ನ’ ಎಂಬ ಅಕ್ಷರ ಪೌಂಡ್ ಚಿಹ್ನೆಯಿಂದ ಶುರುವಾಗುವ ಒಂದು ಜೋಡಿಯಾಗಿ ಕಾಣುತ್ತದೆ. ಇಂಗ್ಲಿಷ್ ಭಾಷೆಗೆ ಹೊಂದಿಸಿದ ವಿಂಡೋಸ್‌ನಲ್ಲಿ ಪೈಥಾನ್ ಒಂದು ಕಡತವನ್ನು ತೆರೆಯುವಾಗ, ನಾವು ಸಂಕೇತೀಕರಣ (ಅಕ್ಷರಗಳನ್ನು ಕಡತದಲ್ಲಿ ಸಂಖ್ಯೆಗಳಾಗಿ ಬರೆದಿಡುವ ಕ್ರಮ) ಯಾವುದೆಂದು ಹೇಳದಿದ್ದರೆ, ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಇರುವ 1252 ಎಂಬ ಹಳೆಯ ಕೋಷ್ಟಕವನ್ನು ಬಳಸುತ್ತದೆ. ನುಡಿಯ ಕಡತಗಳಿಗೆ ಬೇಕಾದದ್ದೂ ಅದೇ ಆದ್ದರಿಂದ ಅವು ನನ್ನ ಲ್ಯಾಪ್‌ಟಾಪ್‌ನಲ್ಲಿ ತಕರಾರಿಲ್ಲದೆ ತೆರೆದುಕೊಂಡವು. ಸರ್ವರ್‌ನ ಲಿನಕ್ಸ್‌ನಲ್ಲಿ ಯೂನಿಕೋಡ್‌ನ ಸಂಕೇತೀಕರಣವಾದ ಯುಟಿಎಫ್-8 ರೂಢಿಯಾದ್ದರಿಂದ ಅದೇ ಕಡತದ ಮೊದಲ ಸಾಲಿನಲ್ಲೇ ಪ್ರೋಗ್ರಾಮ್ ನಿಂತಿತು. ಯೂನಿಕೋಡ್‌ಗೆ ಪರಿವರ್ತಿಸಿದ ಪಠ್ಯವನ್ನು ಬರೆಯಲು ಹೋದಾಗ ಇದು ತಿರುವುಮುರುವಾಯಿತು. ಸರ್ವರ್‌ನಲ್ಲಿ ಸಲೀಸಾಗಿ ಬರೆಯಿತು, ಮನೆಯಲ್ಲಿ ‘ಈ ಅಕ್ಷರ ನನ್ನ ಕೋಷ್ಟಕದಲ್ಲಿಲ್ಲ’ ಎಂಬರ್ಥದ ದೋಷ ಬಂತು. ಪ್ರತಿ ಸಲ ಸಂಕೇತೀಕರಣವನ್ನು ಸ್ಪಷ್ಟವಾಗಿ ಬರೆಯುವುದೇ ಇದಕ್ಕೆ ಸರಿಯಾದ ಪರಿಹಾರ, ಮತ್ತು ಆ ಶಿಸ್ತನ್ನು ನಾನು ಅಂದೇ ಕಲಿತೆ. ಪೈಥಾನ್ 3.15ರಿಂದ ಎಲ್ಲ ಕಡೆ ಯುಟಿಎಫ್-8 ರೂಢಿಯಾಗಬೇಕೆಂದು ಆ ಭಾಷೆಯನ್ನು ಕಟ್ಟುವವರೂ ತೀರ್ಮಾನಿಸಿದ್ದಾರೆ. ಆದರೆ ಇಂಥ ದೋಷ ಸರ್ವರ್ ತಲುಪುವ ಮೊದಲೇ ನನ್ನ ಮೇಜಿನ ಮೇಲೆ ಕಾಣಿಸಬೇಕೆಂದರೆ, ಮೇಜಿನ ಮೇಲಿನ ಗಣಕವೂ ಸರ್ವರ್‌ನ ಹಾಗೆಯೇ ವರ್ತಿಸಬೇಕು.

ಇನ್ನುಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ವಿಂಡೋಸ್ ಸಾಮಾನ್ಯವಾಗಿ ಕಡತದ ಹೆಸರಿನಲ್ಲಿ ರೋಮನ್ ಲಿಪಿಯ ದೊಡ್ಡಕ್ಷರ-ಚಿಕ್ಕಕ್ಷರಗಳನ್ನು ಒಂದೇ ಎಂದು ಎಣಿಸುತ್ತದೆ, ಲಿನಕ್ಸ್ ಬೇರೆ ಎಂದು ಎಣಿಸುತ್ತದೆ. ಇದರಿಂದ ಜಾಲತಾಣದ ಕೆಲವು ಚಿತ್ರಗಳು ಮನೆಯಲ್ಲಿ ಕಂಡವು, ಸರ್ವರ್‌ನಲ್ಲಿ ಮಾಯವಾದವು. ಸಾಲಿನ ಕೊನೆಯನ್ನು ವಿಂಡೋಸ್ ಎರಡು ಗುರುತುಗಳಿಂದಲೂ ಲಿನಕ್ಸ್ ಒಂದರಿಂದಲೂ ಸೂಚಿಸುವುದರಿಂದ, ನಾನು ಬರೆದು ಕಳಿಸಿದ ಪುಟ್ಟ ಸ್ಕ್ರಿಪ್ಟ್ ಒಂದು ಅಲ್ಲಿ ಓಡಲೇ ಇಲ್ಲ. ಅಕಾರಾದಿ ಕ್ರಮದ ಪ್ರಶ್ನೆ ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು. ಯೂನಿಕೋಡ್‌ನ ಕನ್ನಡ ಕೋಷ್ಟಕದಲ್ಲಿ ‘ಳ’ ಅಕ್ಷರ ‘ಲ’ದ ನಂತರ, ‘ವ’ಕ್ಕಿಂತ ಮೊದಲೇ ಇದೆ; ನಮ್ಮ ವರ್ಣಮಾಲೆಯಲ್ಲಿ ಅದರ ಸ್ಥಾನ ‘ಹ’ದ ನಂತರ. ಬರಿಯ ಸಂಕೇತಸಂಖ್ಯೆಯನ್ನು ನಂಬಿ ಪದಗಳನ್ನು ಜೋಡಿಸಿದರೆ ನಿಘಂಟು ನೋಡಿ ಅಭ್ಯಾಸವಿರುವ ಓದುಗರಿಗೆ ಪಟ್ಟಿ ತಪ್ಪಾಗಿ ಕಾಣುತ್ತದೆ. ಬೇರೆ ಏನನ್ನೂ ಹೇಳದಿದ್ದರೆ ಪೋಸ್ಟ್‌ಗ್ರೆಸ್ ಈ ಕ್ರಮವನ್ನು ತಾನು ನೆಲೆಸಿರುವ ಆಪರೇಟಿಂಗ್ ಸಿಸ್ಟಮ್‌ನಿಂದ ಎರವಲು ಪಡೆಯುತ್ತದೆ. ಲೇಖಕರ ಹೆಸರಿನ ಪಟ್ಟಿಯನ್ನು ಮನೆಯಲ್ಲಿ ತಿದ್ದಿ ಸರಿಪಡಿಸಿ, ಸರ್ವರ್‌ಗೆ ಏರಿಸಿದ ಮೇಲೂ ಅದೇ ಕ್ರಮ ಇರುತ್ತದೆಂದು ನಂಬಬೇಕಾದರೆ ಎರಡೂ ಕಡೆ ಒಂದೇ ವ್ಯವಸ್ಥೆ ಇರುವುದು ಒಳಿತು.

ಇಷ್ಟಾದರೂ ನಾನು ಆಗಲೇ ಲಿನಕ್ಸ್ ಎಂದು ನಿರ್ಧರಿಸಿರಲಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಅಣ್ಣನ ಮಗ ಸಂಕ್ರಾಂತಿಯ ಮರುವಾರ ಊರಿಗೆ ಬಂದಿದ್ದಾಗ ತನ್ನ ಮ್ಯಾಕ್‌ಬುಕ್ ಏರ್ ಅನ್ನು ನನ್ನ ಮುಂದಿಟ್ಟು, “ಅತ್ತೆ, ನಾಲ್ಕು ದಿನ ಇದರಲ್ಲೇ ಕೆಲ್ಸ ಮಾಡಿ ನೋಡು, ಆಮೇಲೆ ಬೇಡ ಅನ್ನು” ಎಂದ. ಅದು ಆ್ಯಪಲ್ 2020ರ ನವೆಂಬರ್‌ನಲ್ಲಿ ಹೊರತಂದ ಎಂ1 ಚಿಪ್‌ನ, 8 ಜಿಬಿ ರ‍್ಯಾಮ್‌ನ ಗಣಕ. ಆ ನಾಲ್ಕು ದಿನ ನಾನು ಕಂಡದ್ದನ್ನು ಪ್ರಾಮಾಣಿಕವಾಗಿ ಹೇಳಬೇಕು: ಫ್ಯಾನ್ ಇಲ್ಲದ, ಸದ್ದಿಲ್ಲದ ಆ ಯಂತ್ರ ಪುಟಗಳನ್ನು ಓದಿದ ವೇಗ ಬೆರಗು ಹುಟ್ಟಿಸಿತು, ಬೆಳಿಗ್ಗೆ ಚಾರ್ಜ್ ಮಾಡಿದ ಬ್ಯಾಟರಿ ಸಂಜೆಯವರೆಗೂ ಉಳಿಯಿತು, ಕನ್ನಡದ ಅಕ್ಷರಗಳು ಅದರ ಪರದೆಯ ಮೇಲೆ ಅಚ್ಚುಕಟ್ಟಾಗಿ ಮೂಡಿದವು. ನನ್ನ ಕೆಲಸ ಬೇರೆಯದಾಗಿದ್ದಿದ್ದರೆ ಅಲ್ಲಿಗೆ ಹುಡುಕಾಟ ಮುಗಿಯುತ್ತಿತ್ತು.

ಮೂರನೆಯ ದಿನ ಒಂದು ವಿಚಿತ್ರ ಎದುರಾಯಿತು. ಪತ್ರಿಕೆಯ ಪುಟ ವಿನ್ಯಾಸ ಮಾಡುತ್ತಿದ್ದವರು ಕೊಟ್ಟ ಹಳೆಯ ಹೊರಡಿಸ್ಕ್‌ನಲ್ಲಿ ತಾಲ್ಲೂಕುವಾರು ಸುದ್ದಿಗಳು ಏಳು ಕಡತಕೋಶಗಳಲ್ಲಿದ್ದವು, ಹೆಸರುಗಳೆಲ್ಲ ಕನ್ನಡದಲ್ಲಿ. ಮ್ಯಾಕ್‌ನಲ್ಲಿ ಬರೆದ ಪ್ರೋಗ್ರಾಮ್ ಆ ಏಳನ್ನೂ ತೆರೆದು ಓದಿತು. ಪ್ರೋಗ್ರಾಮ್ ಮತ್ತು ಕಡತಗಳನ್ನು ಸರ್ವರ್‌ಗೆ ಕಳಿಸಿದಾಗ ಸಾಗರ, ಭದ್ರಾವತಿ, ಶಿಕಾರಿಪುರ ಸಿಕ್ಕಿದವು. ಶಿವಮೊಗ್ಗ, ಸೊರಬ, ಹೊಸನಗರ, ತೀರ್ಥಹಳ್ಳಿ ‘ಇಲ್ಲವೇ ಇಲ್ಲ’ ಎಂದಿತು. ಕಣ್ಣಿಗೆ ಕಾಣುವ ಹೆಸರುಗಳಲ್ಲಿ ಒಂದು ಕೊಂಬಿನ ವ್ಯತ್ಯಾಸವೂ ಇರಲಿಲ್ಲ. ರಾತ್ರಿ ಬಹಳ ಹೊತ್ತು ಕುಳಿತು ಒಂದೊಂದು ಹೆಸರಿನ ಸಂಕೇತಸಂಖ್ಯೆಗಳನ್ನು ಮುದ್ರಿಸಿ ನೋಡಿದ ಮೇಲೆ ಗುಟ್ಟು ಬಯಲಾಯಿತು.

ಯೂನಿಕೋಡ್‌ನಲ್ಲಿ ಕನ್ನಡದ ಐದು ಸ್ವರಚಿಹ್ನೆಗಳನ್ನು ಎರಡು ರೀತಿಯಲ್ಲಿ ಬರೆಯಬಹುದು: ಈ, ಏ, ಐ, ಒ, ಓ ಸ್ವರಗಳ ಚಿಹ್ನೆಗಳು ಇಡಿಯಾಗಿ ಒಂದೊಂದು ಸಂಕೇತವಾಗಿಯೂ ಇವೆ, ಬಿಡಿಸಿದ ತುಣುಕುಗಳಾಗಿಯೂ ಇವೆ. ‘ಸೊ’ ಎಂಬಲ್ಲಿರುವ ಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು, ಅಥವಾ ಎತ್ವ ಮತ್ತು ಊಕಾರದ ಕೊಂಬು ಎಂದು ಎರಡಾಗಿ ಇಡಬಹುದು; ‘ತೀ’ಯಲ್ಲಿ ಗುಡಿಸು ಬೇರೆ, ದೀರ್ಘ ಬೇರೆ ಆಗಬಹುದು. ಮ್ಯಾಕ್‌ಗಳಲ್ಲಿ ಹಿಂದೆ ಬಳಕೆಯಲ್ಲಿದ್ದ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಆ ಹೊರಡಿಸ್ಕ್ ಆ ಕಾಲದ್ದು. ಈಗಿನ ಎಪಿಎಫ್‌ಎಸ್ ಬಿಡಿಸಿದ ರೂಪ, ಕೂಡಿಸಿದ ರೂಪ ಎರಡನ್ನೂ ಒಂದೇ ಹೆಸರೆಂದು ಒಪ್ಪಿಕೊಳ್ಳುವುದರಿಂದ ಮ್ಯಾಕ್‌ನಲ್ಲಿ ಯಾವ ತೊಡಕೂ ತೋರಲಿಲ್ಲ. ಲಿನಕ್ಸ್‌ನ ಎಕ್ಸ್‌ಟಿ4 ಎಂಬ ಕಡತ ವ್ಯವಸ್ಥೆಗೆ ಹೆಸರೆಂದರೆ ಬೈಟ್‌ಗಳ ಸಾಲು ಅಷ್ಟೆ. ಒಂದು ಬೈಟ್ ಬೇರೆಯಾದರೂ ಅದು ಬೇರೆ ಹೆಸರು. ಸಾಗರ, ಭದ್ರಾವತಿ, ಶಿಕಾರಿಪುರಗಳಲ್ಲಿ ಆ ಐದು ಚಿಹ್ನೆಗಳು ಯಾವುವೂ ಇಲ್ಲದ್ದರಿಂದ ಅವು ಪಾರಾದವು. ಪೈಥಾನ್‌ನಲ್ಲಿ ಹೆಸರುಗಳನ್ನು ಕೂಡಿಸಿದ ರೂಪಕ್ಕೆ ತರುವ ಒಂದು ಸಾಲು ಸೇರಿಸಿದೊಡನೆ ಎಲ್ಲವೂ ಸರಿಹೋಯಿತು. ಈ ವಿಷಯದಲ್ಲಿ ಮ್ಯಾಕ್ ಮಾಡುವುದು ಬಳಕೆದಾರರ ಹಿತಕ್ಕಾಗಿಯೇ. ಮನೆಬಳಕೆಗೆ ಅದು ಅತ್ಯುತ್ತಮ ನಡೆ. ಆದರೆ ಪಠ್ಯದ ದೋಷಗಳನ್ನು ಹುಡುಕುವುದೇ ಕೆಲಸವಾದ ನನಗೆ, ದೋಷವನ್ನು ಮೃದುವಾಗಿ ಮುಚ್ಚುವ ಯಂತ್ರಕ್ಕಿಂತ ಅದನ್ನು ಮೊದಲ ಕ್ಷಣದಲ್ಲೇ ಎತ್ತಿ ತೋರುವ ಯಂತ್ರ ಬೇಕಿತ್ತು. ನನ್ನ ತೀರ್ಮಾನ ರೂಪುಗೊಂಡದ್ದು ಆ ರಾತ್ರಿಯೇ.

ದುಡ್ಡಿನ ಪ್ರಶ್ನೆಯೂ ಇತ್ತು. ಆ ಮಾದರಿ ಭಾರತದಲ್ಲಿ ಬಿಡುಗಡೆಯಾದಾಗ ಅದರ ಬೆಲೆ 92,900 ರೂಪಾಯಿ. ಸೋಡಿಯಲ್ಲಿ ಕಡಿಮೆಗೆ ಸಿಗುತ್ತಿತ್ತು, ನಿಜ. ಆದರೆ ಅದರ ರ‍್ಯಾಮ್ ಚಿಪ್‌ನೊಂದಿಗೇ ಬೆಸೆದಿರುವುದರಿಂದ 8 ಜಿಬಿ ಕೊಂಡರೆ ಕೊನೆಯವರೆಗೂ 8 ಜಿಬಿಯೇ. ನೋಟ್‌ಬುಕ್ ಮೊದಲು ಕೇಳಿದ್ದೇ ಹೆಚ್ಚಿನ ರ‍್ಯಾಮ್.

ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್ ಕೊಂಡು, ಅದರೊಳಗೆ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್ ಸೌಲಭ್ಯ ಬಳಸುವ ದಾರಿಯನ್ನೂ ಸಾಕಷ್ಟು ಯೋಚಿಸಿದೆ. 2020ರಿಂದ ವಿಂಡೋಸ್‌ನೊಂದಿಗೆ ಬಂದಿರುವ ಅದರ ಎರಡನೆಯ ಆವೃತ್ತಿಯಲ್ಲಿ ನಿಜವಾದ ಲಿನಕ್ಸ್ ಕರ್ನೆಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಂದು ಹಗುರ ವರ್ಚುವಲ್ ಯಂತ್ರದೊಳಗೆ, ಅಂದರೆ ಗಣಕದೊಳಗೆ ತಂತ್ರಾಂಶವೇ ರೂಪಿಸಿದ ಇನ್ನೊಂದು ಗಣಕದೊಳಗೆ, ಓಡುತ್ತದೆ. ಕಚೇರಿಯ ಕೆಲಸಕ್ಕೆ ವಿಂಡೋಸ್ ಬೇಕೇಬೇಕು ಎನ್ನುವವರಿಗೆ ಇದು ಬಹಳ ಒಳ್ಳೆಯ ಏರ್ಪಾಡು. ನನ್ನನ್ನು ಕೇಳಿದವರಲ್ಲಿ ಇಬ್ಬರಿಗೆ ಇದನ್ನೇ ಸೂಚಿಸಿದ್ದೇನೆ. ಆದರೆ ವಿಂಡೋಸ್‌ನ ಡಿಸ್ಕ್‌ನಲ್ಲಿರುವ ಕಡತಗಳನ್ನು ಲಿನಕ್ಸ್ ಕಡೆಯಿಂದ ಓದುವಾಗ ಅದು ನಿಧಾನ, ಸಾವಿರಾರು ಸಣ್ಣ ಕಡತಗಳಿದ್ದರೆ ಇನ್ನೂ ನಿಧಾನ; ನನ್ನ ಕೆಲಸವೆಲ್ಲ ಸಾವಿರಾರು ಸಣ್ಣ ಕಡತಗಳದ್ದೇ. ಎರಡು ವ್ಯವಸ್ಥೆಗಳು ರ‍್ಯಾಮ್ ಅನ್ನೂ ಹಂಚಿಕೊಳ್ಳುತ್ತವೆ. ಹಳೆಯ ಲ್ಯಾಪ್‌ಟಾಪ್‌ಗೇ ವಿಂಡೋಸ್ 11 ಹಾಕೋಣವೆಂದರೆ, ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಅಥವಾ ಅದರ ಮುಂದಿನದಾಗಿರಬೇಕು, ನನ್ನದು ಐದನೆಯದು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಲಿದೆಯೆಂದು ಆಗಲೇ ಪ್ರಕಟವಾಗಿತ್ತು.

ಒಂದು ಹಂತದಲ್ಲಿ ಮೇಜಿನ ಮೇಲಿಡುವ ಡೆಸ್ಕ್‌ಟಾಪ್ ಕಟ್ಟಿಸುವ ಮನಸ್ಸೂ ಬಂದಿತ್ತು, ಏಕೆಂದರೆ ಅಷ್ಟೇ ಹಣಕ್ಕೆ ಹೆಚ್ಚು ಶಕ್ತಿ ಸಿಗುತ್ತದೆ. ಮಲೆನಾಡಿನ ಮಳೆಗಾಲವನ್ನು ನೆನೆದು ಅದನ್ನು ಬಿಟ್ಟೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ತಂತಿ ಹರಿದರೆ ಕೆಲವೊಮ್ಮೆ ಇಡೀ ದಿನ ವಿದ್ಯುತ್ ಇರುವುದಿಲ್ಲ. ಅಷ್ಟು ಹೊತ್ತು ಡೆಸ್ಕ್‌ಟಾಪ್ ಅನ್ನು ಎತ್ತಿಹಿಡಿಯುವ ಯುಪಿಎಸ್ ನನ್ನ ಶಕ್ತಿಗೆ ಮೀರಿದ್ದು.

ಕೊನೆಗೆ ಕಣ್ಣು ನೆಟ್ಟದ್ದು ಕಚೇರಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್ ಟಿ480 ಎಂಬ ಲ್ಯಾಪ್‌ಟಾಪ್‌ನ ಮೇಲೆ. 2018ರಲ್ಲಿ ಬಂದ ಈ ಮಾದರಿಯಲ್ಲಿ ರ‍್ಯಾಮ್‌ಗೆ ಎರಡು ಸ್ಲಾಟ್‌ಗಳಿವೆ, ಎರಡನ್ನೂ ನಾವೇ ಬದಲಿಸಬಹುದು. ಒಳಗೊಂದು ಸಣ್ಣ ಬ್ಯಾಟರಿ, ಹಿಂಬದಿಯಲ್ಲಿ ಕಳಚಬಹುದಾದ ಇನ್ನೊಂದು ಬ್ಯಾಟರಿ ಇರುವುದರಿಂದ, ಗಣಕ ಓಡುತ್ತಿರುವಾಗಲೇ ಹಿಂದಿನದನ್ನು ತೆಗೆದು ಬೇರೆಯದನ್ನು ಹಾಕಬಹುದು. ಅದರಲ್ಲಿ ಸಾಮಾನ್ಯವಾಗಿ ಸಿಗುವ ಐ5-8250ಯು ಪ್ರೊಸೆಸರ್‌ಗೆ ನಾಲ್ಕು ಕೋರ್‌ಗಳು, ಅಂದರೆ ಒಟ್ಟಿಗೆ ಕೆಲಸ ಮಾಡಬಲ್ಲ ನಾಲ್ಕು ಲೆಕ್ಕದ ಘಟಕಗಳು. ವೇಗದಲ್ಲಿ ಅಣ್ಣನ ಮಗನ ಮ್ಯಾಕ್‌ಗೆ ಸರಿಗಟ್ಟುವುದಿಲ್ಲವೆಂದು ಗೊತ್ತಿದ್ದೇ ಆರಿಸಿದೆ.

ಫೆಬ್ರುವರಿ ಮೂರನೆಯ ವಾರ ತಾಳಗುಪ್ಪದಿಂದ ಬರುವ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಜೇಬಿನಲ್ಲಿ ಡೆಬಿಯನ್ ತುಂಬಿದ ಪೆನ್‌ಡ್ರೈವ್ ಇತ್ತು. ಇನ್‌ಸ್ಟಾಲ್ ಮಾಡದೆಯೇ ಅದರಿಂದ ಯಾವ ಲ್ಯಾಪ್‌ಟಾಪ್ ಅನ್ನಾದರೂ ಚಾಲೂ ಮಾಡಿ ಪರೀಕ್ಷಿಸಬಹುದು. ಎಸ್.ಪಿ. ರಸ್ತೆಯ ಅಂಗಡಿಗಳು ತೆರೆಯುವ ಹೊತ್ತಿಗೆ ಅಣ್ಣನ ಮಗನೂ ಬಂದು ಸೇರಿಕೊಂಡ. ಮೊದಲ ಅಂಗಡಿಯಲ್ಲಿ ತೋರಿಸಿದ ಯಂತ್ರ ನೋಡಲು ಹೊಸದರಂತಿತ್ತು, ಬೆಲೆಯೂ ಕಡಿಮೆ. ಚಾಲೂ ಮಾಡಿ ಬಯಾಸ್ (ಗಣಕ ಚಾಲೂ ಆಗುವಾಗ ಎಲ್ಲಕ್ಕಿಂತ ಮೊದಲು ಓಡುವ ತಂತ್ರಾಂಶ) ಒಳಗೆ ಹೋಗಲು ನೋಡಿದರೆ ಪಾಸ್‌ವರ್ಡ್ ಕೇಳಿತು.

“ಅದ್ರಲ್ಲೇನಿದೆ ಮೇಡಂ, ವಿಂಡೋಸ್ ಆನ್ ಆಗ್ತಿದೆಯಲ್ಲ” ಎಂದರು ಅಂಗಡಿಯವರು.

“ಅತ್ತೆ, ಇದು ಬೇಡ, ಏಳು” ಎಂದು ಹುಡುಗ ನನ್ನ ಕಿವಿಯಲ್ಲಿ ಹೇಳಿದ.

ಅವನ ಮಾತು ಸರಿಯಾಗಿತ್ತು. ಕಚೇರಿಗಳಿಂದ ಬಂದ ಇಂಥ ಯಂತ್ರಗಳಲ್ಲಿ ಹಳೆಯ ಮಾಲೀಕರು ಇಟ್ಟ ಬಯಾಸ್‌ನ ಸೂಪರ್‌ವೈಸರ್ ಪಾಸ್‌ವರ್ಡ್ ಉಳಿದುಕೊಂಡಿದ್ದರೆ ಅದನ್ನು ತೆಗೆಯುವುದು ಬಲು ಕಷ್ಟ, ಬ್ಯಾಟರಿ ಕಳಚಿಟ್ಟರೂ ಅದು ಹೋಗುವುದಿಲ್ಲ. ಪೆನ್‌ಡ್ರೈವ್‌ನಿಂದ ಚಾಲೂ ಮಾಡುವ ಅನುಮತಿಯೇ ಇಲ್ಲವಾದರೆ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕುವ ದಾರಿಯೂ ಮುಚ್ಚಿದಂತೆ. ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ಹೊರಮೈಯ ಗೀರು ನೋಡುವ ಮೊದಲು ಇದನ್ನು ನೋಡಬೇಕು.

ಮೂರನೆಯ ಅಂಗಡಿಯವರು ನನ್ನ ಪೆನ್‌ಡ್ರೈವ್ ಹಾಕಲು ಸಂತೋಷದಿಂದಲೇ ಒಪ್ಪಿದರು, ಕೂರಲು ಸ್ಟೂಲ್ ಕೊಟ್ಟರು. ಅಲ್ಲಿ ಒಂದೂವರೆ ಗಂಟೆ ಕುಳಿತೆ. ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ಎಷ್ಟು ಗಂಟೆ ಓಡಿದೆ, ಎಷ್ಟು ಸವೆದಿದೆ ಎಂಬುದನ್ನು ಅದೇ ದಾಖಲಿಸಿಟ್ಟುಕೊಂಡಿರುತ್ತದೆ, ಅದನ್ನು ಓದಿದೆ. ಬ್ಯಾಟರಿಗಳು ಹೊಸದಿದ್ದಾಗ ಹಿಡಿಯುತ್ತಿದ್ದ ಶಕ್ತಿಗೂ ಈಗ ಹಿಡಿಯುವ ಶಕ್ತಿಗೂ ಹೋಲಿಸಿದಾಗ, ಒಳಗಿನ 24 ವ್ಯಾಟ್-ಅವರ್ ಬ್ಯಾಟರಿಯಲ್ಲಿ 19 ಉಳಿದಿತ್ತು, ಹಿಂದಿನದರಲ್ಲಿ 9 ಮಾತ್ರ. ಒಂದೊಂದು ಕೀಲಿಯನ್ನೂ ಒತ್ತಿದೆ, ವೈಫೈ ಜೋಡಿಸಿದೆ, ಪೂರ್ತಿ ಬಿಳಿಯ ಪುಟವೊಂದನ್ನು ತೆರೆದು ಪರದೆಯ ಕಲೆಗಳನ್ನು ಹುಡುಕಿದೆ, ನಾನೇ ಒಯ್ದಿದ್ದ ಎಂಟು ಪುಟಗಳನ್ನು ಟೆಸೆರಾಕ್ಟ್‌ನಿಂದ ಓದಿಸಿದೆ. 22,500 ರೂಪಾಯಿಗೆ ಲ್ಯಾಪ್‌ಟಾಪ್, 6,200ಕ್ಕೆ 16 ಜಿಬಿಯ ಎರಡು ರ‍್ಯಾಮ್, 3,400ಕ್ಕೆ ಹಿಂಬದಿಗೆ 72 ವ್ಯಾಟ್-ಅವರ್‌ನ ಹೊಸ ಬ್ಯಾಟರಿ. ಒಟ್ಟು 32,100 ರೂಪಾಯಿ ಕೊಟ್ಟು ಅದೇ ರಾತ್ರಿಯ ರೈಲಿಗೆ ಹಿಂತಿರುಗಿದೆ.

ಲಿನಕ್ಸ್ ಎಂದ ಮೇಲೆ ಯಾವ ಲಿನಕ್ಸ್ ಎಂಬ ಪ್ರಶ್ನೆ ಉಳಿಯುತ್ತದೆ. ಹೊಸಬರಿಗೆ ಸಾಮಾನ್ಯವಾಗಿ ಉಬುಂಟು ಹೇಳುತ್ತಾರೆ, ಅದು ತಪ್ಪಲ್ಲ. ನಾನು ಡೆಬಿಯನ್ 12 ಆರಿಸಿದ್ದಕ್ಕೆ ಕಾರಣ ಸರ್ವರ್‌ನಲ್ಲಿ ಅದೇ ಇದ್ದದ್ದು. 2023ರ ಜೂನ್‌ನಲ್ಲಿ ಬಂದ ಆ ಆವೃತ್ತಿಯಲ್ಲಿ ಪೈಥಾನ್ 3.11, ಪೋಸ್ಟ್‌ಗ್ರೆಸ್ 15 ಇವೆ. ಎರಡೂ ಕಡೆ ಅವೇ ಇದ್ದರೆ, ‘ನನ್ನಲ್ಲಿ ಓಡುತ್ತದೆ, ಅಲ್ಲಿ ಓಡುವುದಿಲ್ಲ’ ಎಂಬ ಮಾತಿಗೆ ಅರ್ಧ ಕಾರಣಗಳು ಇಲ್ಲವಾಗುತ್ತವೆ. ಹಿಂದೆಲ್ಲ ಡೆಬಿಯನ್ ಹಾಕುವವರನ್ನು ವೈಫೈ ಕಾಡುತ್ತಿತ್ತು, ಏಕೆಂದರೆ ಮೂಲ ಬಹಿರಂಗವಲ್ಲದ ಫರ್ಮ್‌ವೇರ್ (ವೈಫೈಯಂಥ ಬಿಡಿಭಾಗಗಳನ್ನು ನಡೆಸುವ ಸಣ್ಣ ತಂತ್ರಾಂಶ) ಅನ್ನು ಅದರ ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಸೇರಿಸುತ್ತಿರಲಿಲ್ಲ. 2022ರಲ್ಲಿ ಡೆಬಿಯನ್‌ನ ಸದಸ್ಯರು ಮತ ಹಾಕಿ ಆ ನಿಯಮ ಬದಲಿಸಿದ್ದರಿಂದ, ನನ್ನ ವೈಫೈ ಇನ್‌ಸ್ಟಾಲ್ ಮಾಡುವಾಗಲೇ ಜೋಡಿಕೊಂಡಿತು. ಮೊದಲ ದಿನ ಪೈಥಾನ್‌ನ ಒಂದು ಪ್ಯಾಕೇಜ್ ಹಾಕಹೋದಾಗ ವ್ಯವಸ್ಥೆ ನಿರಾಕರಿಸಿತು. ಡೆಬಿಯನ್ 12ರಿಂದ ಪ್ರತಿ ಯೋಜನೆಗೂ ಪ್ರತ್ಯೇಕ ಆವರಣ ಮಾಡಿಕೊಂಡೇ ಪ್ಯಾಕೇಜ್ ಹಾಕಬೇಕು. ಒಂದು ಗಂಟೆ ಕಿರಿಕಿರಿಯಾಯಿತು, ಈಗ ಅದೇ ಸರಿಯಾದ ಪದ್ಧತಿಯೆಂದು ಒಪ್ಪುತ್ತೇನೆ.

ಕನ್ನಡ ಟೈಪಿಂಗ್ ಬಗ್ಗೆ ನನಗಿದ್ದ ಅಂಜಿಕೆ ಅನಗತ್ಯವಾಗಿತ್ತು. ನುಡಿಯಲ್ಲಿ ಬೆರಳಿಗೆ ಕೂತ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲೇ ಇದೆ; ಆರಿಸಿಕೊಂಡರೆ ಸಾಕು, ಬೇರೇನನ್ನೂ ಹಾಕಬೇಕಿಲ್ಲ. ಗುಬ್ಬಿ, ನವಿಲು, ನೋಟೊ ಫಾಂಟ್‌ಗಳು ಡೆಬಿಯನ್‌ನ ಭಂಡಾರದಲ್ಲೇ ಸಿಗುತ್ತವೆ.

ಟೆಸೆರಾಕ್ಟ್‌ನಿಂದ ಹೆಚ್ಚಿನ ಲಾಭ ಪಡೆಯಲು ಒಂದು ಉಪಾಯ ತಿಳಿದಿರಬೇಕು. ಅದು ತಾನಾಗಿಯೇ ಒಂದು ಪುಟದ ಕೆಲಸವನ್ನು ಹಲವು ಕೋರ್‌ಗಳಿಗೆ ಹಂಚುತ್ತದೆ, ಆದರೆ ಆ ಹಂಚಿಕೆಯಿಂದ ಸಿಗುವ ಲಾಭ ಅಲ್ಪ. ಒಂದು ಪುಟಕ್ಕೆ ಒಂದೇ ಕೋರ್ ಎಂದು ಮಿತಿ ಹಾಕಿ, ನಾಲ್ಕು ಪುಟಗಳನ್ನು ಒಟ್ಟಿಗೆ ಓದಿಸಿದಾಗ, ಪುಟವೊಂದಕ್ಕೆ 16 ಸೆಕೆಂಡಿನಂತೆ, ಸರಾಸರಿ 4 ಸೆಕೆಂಡಿಗೆ ಒಂದು ಪುಟ ಹೊರಬಂತು. 90 ಗಂಟೆಯ ಕೆಲಸ ಒಂಬತ್ತು ಗಂಟೆಗೆ ಇಳಿಯಿತು. ರಾತ್ರಿ ಮಲಗುವಾಗ ಶುರುಮಾಡಿದರೆ ಬೆಳಗಿನ ತಿಂಡಿಯ ಹೊತ್ತಿಗೆ 17 ವರ್ಷಗಳ ಸಂಚಿಕೆಗಳು ಪಠ್ಯವಾಗಿರುತ್ತಿದ್ದವು. ಹೀಗಾಗಿ ಆರು ಸಲ ಮಟ್ಟಗಳನ್ನು ಬದಲಿಸಿ ಮತ್ತೆ ಮತ್ತೆ ಓದಿಸುವ ಧೈರ್ಯ ಬಂತು, ಪಠ್ಯದ ತಪ್ಪುಗಳು ಕಣ್ಣಿಗೆ ಕಾಣುವಷ್ಟು ಇಳಿದವು.

ಈ ಆಯ್ಕೆಗೆ ತೆತ್ತ ಬೆಲೆಯನ್ನೂ ಹೇಳಬೇಕು. ಲೇಖನದ ಶೀರ್ಷಿಕೆಯನ್ನೇ ಕಡತದ ಹೆಸರಾಗಿಸುವ ಅಭ್ಯಾಸ ನನಗಿತ್ತು. ಹಳೆಯ ಲ್ಯಾಪ್‌ಟಾಪ್‌ನಿಂದ ಹೊಸದಕ್ಕೆ ನಕಲಿಸುವಾಗ ಹನ್ನೊಂದು ಕಡತಗಳು ‘ಹೆಸರು ಉದ್ದವಾಯಿತು’ ಎಂದು ಹಿಂದೆಯೇ ಉಳಿದವು. ಎಕ್ಸ್‌ಟಿ4ರಲ್ಲಿ ಒಂದು ಹೆಸರಿಗೆ 255 ಬೈಟ್‌ಗಳ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ಅಂದರೆ 85 ಸಂಕೇತಗಳಿಗೇ ಹೆಸರು ತುಂಬಿಹೋಗುತ್ತದೆ. ಇಂಗ್ಲಿಷ್‌ನವರಿಗೆ ಅದೇ ಮಿತಿಯಲ್ಲಿ 255 ಅಕ್ಷರಗಳು ಸಿಗುತ್ತವೆ. ನಾವು ಎರಡಕ್ಷರವೆಂದು ಎಣಿಸುವ ‘ಲಕ್ಷ್ಮೀ’ಯಂಥ ಹೆಸರಿನಲ್ಲೂ ಏಳು ಸಂಕೇತಗಳು, 21 ಬೈಟ್‌ಗಳು ಇವೆ. ವಿಂಡೋಸ್‌ನ ಲೆಕ್ಕ ಬೇರೆ, ಅಲ್ಲಿ ಕನ್ನಡದ 255 ಸಂಕೇತಗಳೂ ಹಿಡಿಸುತ್ತವೆ. ಈ ವಿಷಯದಲ್ಲಿ ನಮ್ಮ ಭಾಷೆಗೆ ಲಿನಕ್ಸ್ ಕೊಟ್ಟಿರುವ ಜಾಗ ಕಿರಿದು, ಇದು ನನಗೆ ಇಂದಿಗೂ ಬೇಸರದ ಸಂಗತಿ. ಕಡತಗಳಿಗೆ ವರ್ಷ, ತಿಂಗಳು, ಪುಟದ ಅಂಕಿಗಳನ್ನಷ್ಟೇ ಹೆಸರಾಗಿ ಕೊಟ್ಟು, ಶೀರ್ಷಿಕೆಯನ್ನು ದತ್ತಸಂಚಯದಲ್ಲಿ ಇಟ್ಟೆ.

ಪೇಜ್‌ಮೇಕರ್ ಲಿನಕ್ಸ್‌ಗೆ ಬರಲೇ ಇಲ್ಲ. ಅದರ ಕೊನೆಯ ಆವೃತ್ತಿ 7.0 ಹೊರಬಂದದ್ದು 2001ರಲ್ಲಿ. ಅದಕ್ಕಾಗಿ ಹಳೆಯ ಲ್ಯಾಪ್‌ಟಾಪ್ ಅನ್ನು ಅಂತರಜಾಲದಿಂದ ಬೇರ್ಪಡಿಸಿ, ವಿಂಡೋಸ್‌ನೊಂದಿಗೆ ಹಾಗೆಯೇ ಉಳಿಸಿಕೊಂಡಿದ್ದೇನೆ. ಹಳೆಯ ಪುಟವೊಂದನ್ನು ಮೂಲರೂಪದಲ್ಲಿ ನೋಡಬೇಕಾದಾಗ ಅದನ್ನು ತೆರೆದು, ಪಠ್ಯವನ್ನು ಪೆನ್‌ಡ್ರೈವ್‌ನಲ್ಲಿ ಈಚೆಗೆ ತರುತ್ತೇನೆ.

ಇನ್ನೂ ಪೂರ್ತಿ ಪರಿಹಾರವಾಗದೆ ಉಳಿದಿರುವುದು ಟರ್ಮಿನಲ್, ಅಂದರೆ ಆಜ್ಞೆಗಳನ್ನು ಟೈಪ್ ಮಾಡಿ ಗಣಕವನ್ನು ನಡೆಸುವ ಕಿಟಕಿ. ಪ್ರತಿ ಅಕ್ಷರಕ್ಕೂ ಒಂದು ಅಳತೆಯ ಚೌಕ ಎಂಬ ಲೆಕ್ಕದ ಮೇಲೆ ಟರ್ಮಿನಲ್‌ಗಳು ನಿಂತಿವೆ. ಒತ್ತಕ್ಷರ ಕೆಳಗಿಳಿದು, ಕೊಂಬು ಬಲಕ್ಕೆ ಚಾಚಿ, ಒಂದೇ ಗುಣಿತಾಕ್ಷರ ಹಲವು ಸಂಕೇತಗಳನ್ನು ಹಿಡಿಯುವ ನಮ್ಮ ಲಿಪಿ ಆ ಚೌಕಗಳಲ್ಲಿ ಕೂರುವುದಿಲ್ಲ. ನಾನು ಬಳಸಿ ನೋಡಿದ ಟರ್ಮಿನಲ್‌ಗಳಲ್ಲಿ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ಆಗುವುದು ತಪ್ಪಲಿಲ್ಲ. ಹೀಗಾಗಿ ಪ್ರೋಗ್ರಾಮ್ ಹೊರಹಾಕುವ ಕನ್ನಡವನ್ನು ಟರ್ಮಿನಲ್‌ನಲ್ಲಿ ಓದುವುದನ್ನು ಬಿಟ್ಟು, ಒಂದು ಕಡತಕ್ಕೆ ಬರೆಸಿ, ಪಕ್ಕದಲ್ಲಿ ತೆರೆದಿಟ್ಟ ಎಡಿಟರ್‌ನಲ್ಲಿ ನೋಡುತ್ತೇನೆ. ಅಲ್ಲಿ ‘ತೀರ್ಥಹಳ್ಳಿ’ಯ ಅರ್ಕಾವತ್ತು, ‘ಳ’ದ ಒತ್ತು ಎರಡೂ ತಮ್ಮ ತಮ್ಮ ಸ್ಥಾನದಲ್ಲೇ ಕಾಣುತ್ತವೆ.